ಯುಎಸ್‌ಬಿ ಹಬ್‌ಗೆ ಪ್ರತ್ಯೇಕ ಅಡಾಪ್ಟರ್ ಬೇಕೇ?

ಲ್ಯಾಪ್‌ಟಾಪ್‌ನಲ್ಲಿ ಇರುವುದೇ ಎರಡು ಪೋರ್ಟ್, ಒಂದು ಪೋರ್ಟನ್ನು ಹಲವಾಗಿಸುವ ಹಬ್ ಕೊಳ್ಳಬೇಕಾಗಿದೆ, ಗೋಡೆಯ ಪ್ಲಗ್‌ನಿಂದ ವಿದ್ಯುತ್ತು ಕೊಡುವ ಅಡಾಪ್ಟರ್ ಇರುವುದನ್ನೇ ಕೊಳ್ಳಬೇಕೇ ಅಥವಾ ಇಲ್ಲದಿದ್ದರೂ ನಡೆಯುತ್ತದೆಯೇ ಎಂದು ಪರಿಚಯದವರು ಆಗಾಗ ಕೇಳುತ್ತಾರೆ. ಎಷ್ಟು ಪೋರ್ಟ್ ಬೇಕು ಎಂದು ಯೋಚಿಸುವ ಮೊದಲು ಅವುಗಳಿಗೆ ಏನನ್ನು ಸಿಕ್ಕಿಸುತ್ತೀರಿ ಎಂದು ನೋಡಿಕೊಳ್ಳಬೇಕು. ಕೀಬೋರ್ಡ್, ಮೌಸ್, ಆಗೊಮ್ಮೆ ಈಗೊಮ್ಮೆ ಒಂದು ಪೆನ್‌ಡ್ರೈವ್ ಇಷ್ಟೇ ಆದರೆ ಅಡಾಪ್ಟರ್ ಇಲ್ಲದ ಹಬ್ ಧಾರಾಳವಾಗಿ ಸಾಕು. ಪ್ರಿಂಟರ್‌ಗೂ ಅಷ್ಟೇ, ಅದು ತನ್ನ ವಿದ್ಯುತ್ತನ್ನು ಗೋಡೆಯ ಪ್ಲಗ್‌ನಿಂದಲೇ ಪಡೆಯುತ್ತದೆ.

ಅಡಾಪ್ಟರ್ ಇಲ್ಲದ ಹಬ್ ಕಂಪ್ಯೂಟರ್‌ನ ಒಂದೇ ಪೋರ್ಟಿನಿಂದ ಬಂದ ವಿದ್ಯುತ್ತನ್ನು ಎಲ್ಲರಿಗೂ ಹಂಚುತ್ತದೆ. ಯುಎಸ್‌ಬಿ 2.0 ನಿಯಮದಂತೆ ಒಂದು ಪೋರ್ಟಿನಿಂದ 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಸಿಗುತ್ತದೆ, 3.0 ಆದರೆ 900. ಹಳೆಯ ನಿಯಮದ ಲೆಕ್ಕದಲ್ಲಿ ಹಬ್‌ಗೇ 100 ತೆಗೆದಿಟ್ಟರೆ ಉಳಿದ 400ರಲ್ಲಿ ನಾಲ್ಕು ಪೋರ್ಟ್‌ಗಳಿಗೆ ತಲಾ 100 ಬರುತ್ತದೆ. ಅಡಾಪ್ಟರ್ ಇಲ್ಲದೆ ಏಳು ಪೋರ್ಟ್ ಕೊಡುವ ಹಬ್‌ಗಳೂ ಮಾರುಕಟ್ಟೆಯಲ್ಲಿವೆ. ತೂತುಗಳು ಹೆಚ್ಚಾದ ಮಾತ್ರಕ್ಕೆ ಒಳಗೆ ಬರುವ ವಿದ್ಯುತ್ತು ಹೆಚ್ಚಾಗುವುದಿಲ್ಲ.

ಎರಡೂವರೆ ಇಂಚಿನ ಪೋರ್ಟಬಲ್ ಹಾರ್ಡ್ ಡಿಸ್ಕ್ ಬಂದಾಗ ಈ ಲೆಕ್ಕ ಕೆಡುತ್ತದೆ. ಒಳಗಿನ ತಟ್ಟೆಯನ್ನು ಮೊದಲ ಬಾರಿಗೆ ತಿರುಗಿಸುವ ಆ ಕೆಲವು ಕ್ಷಣಗಳಲ್ಲಿ ಅದರ ಮೋಟರ್ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ತನ್ನು ಬೇಡುತ್ತದೆ. ಅಷ್ಟು ಸಿಗದಿದ್ದರೆ ದೀಪ ಹೊತ್ತಿಕೊಳ್ಳುತ್ತದೆ, ಒಳಗಿನಿಂದ ಟಿಕ್ ಟಿಕ್ ಎಂದು ಸದ್ದು ಬರುತ್ತದೆ, ಡ್ರೈವ್ ಪರದೆಯ ಮೇಲೆ ಕಾಣಿಸಿಕೊಂಡು ಮರುಕ್ಷಣವೇ ಮಾಯವಾಗುತ್ತದೆ. ಡಿಸ್ಕ್ ಕೆಟ್ಟೇಹೋಯಿತೆಂದು ಡೇಟಾ ರಿಕವರಿ ಅಂಗಡಿಗೆ ಓಡುವ ಮೊದಲು ಅದನ್ನು ನೇರವಾಗಿ ಕಂಪ್ಯೂಟರ್‌ಗೆ ಸಿಕ್ಕಿಸಿ ನೋಡಬೇಕು. ಅಲ್ಲಿ ಸದ್ದಿಲ್ಲದೆ ನಡೆದರೆ ಕೊರತೆ ಇರುವುದು ಹಬ್‌ನಲ್ಲಿ ಎಂದೇ ತಿಳಿಯಬಹುದು. ಇಂಥ ಡಿಸ್ಕ್‌ಗಳನ್ನು ಹಬ್ ಮೂಲಕವೇ ಬಳಸುವವರಿಗೆ ನಾನು ಅಡಾಪ್ಟರ್ ಇರುವುದನ್ನೇ ಹೇಳುತ್ತೇನೆ. ಆದರೆ ಅದರಿಂದ ವೇಗ ಹೆಚ್ಚುತ್ತದೆ ಎಂಬ ನಿರೀಕ್ಷೆ ಬೇಡ; ಕಂಪ್ಯೂಟರ್‌ಗೆ ಹೋಗುವ ಕೇಬಲ್ ಒಂದೇ ಆದ್ದರಿಂದ ಎಲ್ಲ ಸಾಧನಗಳೂ ಅದೇ ದಾರಿಯನ್ನು ಹಂಚಿಕೊಳ್ಳಬೇಕು.

ಕೊಳ್ಳುವಾಗ ಅಡಾಪ್ಟರ್‌ನ ಮೇಲೆ ಮುದ್ರಿಸಿರುವುದನ್ನು ಓದಬೇಕು. 5 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎಲ್ಲ ಪೋರ್ಟ್‌ಗಳಿಗೂ ಸೇರಿ ಒಟ್ಟು 10 ವ್ಯಾಟ್ ಅಷ್ಟೇ, ಏಳು ಪೋರ್ಟಿನ ಹಬ್‌ಗೆ ಅದು ಬಡತನವೇ. ಕೆಲವು ಅಗ್ಗದ ಹಬ್‌ಗಳು ಅಡಾಪ್ಟರ್‌ನ ವಿದ್ಯುತ್ತನ್ನು ಕಂಪ್ಯೂಟರ್‌ನೊಳಕ್ಕೇ ಹಿಂದಕ್ಕೆ ಹರಿಸುತ್ತವೆ. ಡೆಸ್ಕ್‌ಟಾಪ್‌ನ ಪ್ಲಗ್ ಕಿತ್ತು ಒಂದೆರಡು ನಿಮಿಷ ಕಳೆದರೂ ಮದರ್‌ಬೋರ್ಡ್‌ನ ದೀಪ ಉರಿಯುತ್ತಲೇ ಇದ್ದರೆ ಅಂಥ ಹಬ್ಬನ್ನು ಅಂಗಡಿಗೆ ವಾಪಸು ಕೊಡುವುದೇ ಸರಿ.

ನಮ್ಮಲ್ಲಿ ಇನ್ನೊಂದು ವಿಷಯವನ್ನು ಲೆಕ್ಕಕ್ಕೆ ಹಿಡಿಯಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯ ಮೇಲೆ ನಡೆಯುತ್ತದೆ, ಹಬ್‌ನ ಅಡಾಪ್ಟರ್ ಮಾತ್ರ ಆರಿಹೋಗುತ್ತದೆ. ಬ್ಯಾಕಪ್ ಆಗುತ್ತಿದ್ದ ಡಿಸ್ಕ್ ನಡುವೆಯೇ ಕಳಚಿಕೊಂಡರೆ ಫೈಲ್ ಹಾಳಾಗಬಹುದು. ಆದ್ದರಿಂದ ಅಡಾಪ್ಟರನ್ನು ಯುಪಿಎಸ್‌ಗೆ ಸಿಕ್ಕಿಸಬೇಕು. ವೈಫೈ ರೂಟರ್‌ಗೆಂದು ಮಾರುವ ಪುಟ್ಟ ಯುಪಿಎಸ್‌ಗಳು ಸಾಮಾನ್ಯವಾಗಿ 12 ವೋಲ್ಟ್ ಕೊಡುತ್ತವೆ. ಅವುಗಳ ಪಿನ್ ಹಬ್‌ಗೆ ಸರಿಯಾಗಿ ಕೂತರೂ 5 ವೋಲ್ಟಿನ ಹಬ್‌ಗೆ ಅದನ್ನು ಸಿಕ್ಕಿಸಬಾರದು.