ಒಂದು ‘ಇಂದ’, ಏಳು ಇಂಗ್ಲಿಷ್ ಪದಗಳು

1994ರ ಮಳೆಗಾಲದಲ್ಲಿ, ಪಿಯುಸಿ ಮೊದಲ ವರ್ಷದ ಒಂದು ಕಿರುಪರೀಕ್ಷೆ ಮುಗಿದ ಮೇಲೆ, ನಮ್ಮ ಇಂಗ್ಲಿಷ್ ಗುರುಗಳು ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು, ಯಾರದೆಂದು ಹೇಳದೆ, ಒಂದು ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದರು: ‘ಐ ಕಟ್ ದ ಮ್ಯಾಂಗೋ ಫ್ರಮ್ ಎ ನೈಫ್.’ ಅದು ನನ್ನ ವಾಕ್ಯವಾಗಿತ್ತು. ‘ಇಂದ’ ಎಂದರೆ ‘ಫ್ರಮ್’ ಎಂದು ಹೈಸ್ಕೂಲಿನಲ್ಲಿ ಕಲಿತಿದ್ದ ನನಗೆ, ಚಾಕುವಿನಿಂದ ಮಾವಿನಹಣ್ಣು ಕೊಯ್ದೆನೆಂದು ಹೇಳಲು ಬೇರೆ ದಾರಿಯೇ ಗೊತ್ತಿರಲಿಲ್ಲ. ಗುರುಗಳು ನಮ್ಮ ಕಡೆ ತಿರುಗಿ, “ನೀವು ನಿಮ್ಮ ಊರಿಂದ ಬಂದೀರಿ, ಖರೆ. ಮಾವಿನಹಣ್ಣು ಚಾಕುವಿನಿಂದ ಬಂದೈತೇನು?” ಎಂದು ಕೇಳಿದರು. ಯಾರೂ ನಗಲಿಲ್ಲ. ಅರ್ಧ ತರಗತಿ ಹಾಗೆಯೇ ಬರೆದಿತ್ತು.

ಆ ತರಗತಿಯ ಬಗ್ಗೆ ಎರಡು ಮಾತು ಹೇಳಬೇಕು. ಕೊಪ್ಪಳ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಆಗಿನ್ನೂ ಕುಷ್ಟಗಿ, ಗಂಗಾವತಿಗಳು ರಾಯಚೂರು ಜಿಲ್ಲೆಯಲ್ಲೇ ಇದ್ದುದರಿಂದ, ಮಾನ್ವಿ, ದೇವದುರ್ಗ, ಲಿಂಗಸುಗೂರಿನವರ ಜೊತೆಗೆ ಆ ಕಡೆಯ ಹುಡುಗರೂ ನಮ್ಮಲ್ಲಿ ಓದುತ್ತಿದ್ದರು. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು, ಕೆಲವರದು ಉರ್ದು. ಗುರುಗಳು ಈ ಮೂರನ್ನೂ ಬಲ್ಲವರು. ಮೂರು ಭಾಷೆಗಳಲ್ಲೂ ಸಂಬಂಧವನ್ನು ತೋರಿಸುವ ತುಣುಕು ನಾಮಪದದ ಹಿಂದೆ ಬರುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ಮುಂದೆ ನಿಲ್ಲುತ್ತದೆ ಎಂಬುದನ್ನು ಅವರು ಮೊದಲ ದಿನವೇ ತೋರಿಸಿಕೊಟ್ಟಿದ್ದರು. ಕನ್ನಡದ ‘ಮನೆಯಲ್ಲಿ’, ತೆಲುಗಿನ ‘ಇಂಟ್ಲೋ’, ಉರ್ದುವಿನ ‘ಘರ್ ಮೇ’ ಈ ಮೂರನ್ನೂ ಒಂದರ ಕೆಳಗೊಂದು ಬರೆದು, ಅವುಗಳ ಕೆಳಗೆ ‘ಇನ್ ದ ಹೌಸ್’ ಎಂದು ಬರೆದಾಗ, ನಾವೆಲ್ಲ ಒಂದೇ ಕಡೆಯವರು ಎಂಬ ಸಮಾಧಾನ ನಮಗಾಯಿತು.

ಚಾಕುವಿನ ವಾಕ್ಯವನ್ನು ಅಳಿಸದೆ, ಅದರ ಪಕ್ಕದಲ್ಲಿ ‘ಇಂದ’ ಎಂದು ದೊಡ್ಡದಾಗಿ ಬರೆದು, ಆ ದಿನದ ಉಳಿದ ಸಮಯವನ್ನೆಲ್ಲ ಅವರು ಆ ಒಂದು ಪ್ರತ್ಯಯಕ್ಕೆ ಕೊಟ್ಟರು. ರಾಯಚೂರಿನಿಂದ ಹೊರಟರೆ ‘ಫ್ರಮ್ ರಾಯಚೂರು’. ಚಾಕುವಿನಿಂದ ಕೊಯ್ದರೆ ‘ವಿತ್ ಎ ನೈಫ್’. ಕವಿಯಿಂದ ರಚಿತವಾದರೆ ‘ಬೈ ಎ ಪೊಯೆಟ್’. ಭಯದಿಂದ ಓಡಿದರೆ ‘ಔಟ್ ಆಫ್ ಫಿಯರ್’. ಕಾಲರಾದಿಂದ ಸತ್ತರೆ ‘ಆಫ್ ಕಾಲರಾ’. ಸೋಮವಾರದಿಂದ ಜ್ವರವಿದ್ದರೆ ‘ಸಿನ್ಸ್ ಮಂಡೇ’. ಅದೇ ಜ್ವರ ಎರಡು ದಿನದಿಂದ ಇದ್ದರೆ ‘ಫಾರ್ ಟೂ ಡೇಸ್’. ಈ ಕೊನೆಯ ಎರಡರಲ್ಲಿ ಅವರು ಬಹಳ ಹೊತ್ತು ನಿಂತರು. ಶುರುವಾದ ಗಳಿಗೆಯನ್ನು ಹೇಳುವುದು ‘ಸಿನ್ಸ್’, ಕಳೆದ ಕಾಲದ ಅಳತೆಯನ್ನು ಹೇಳುವುದು ‘ಫಾರ್’. ಕನ್ನಡವು ಎರಡಕ್ಕೂ ಒಂದೇ ‘ಇಂದ’ವನ್ನು ಹಚ್ಚುವುದರಿಂದ ನಮ್ಮವರು ‘ಸಿನ್ಸ್ ಟೂ ಡೇಸ್’ ಎಂದೇ ಬರೆಯುತ್ತಾರೆ. ರಜೆಯ ಅರ್ಜಿಗಳಲ್ಲಿ ನಾನು ಅದನ್ನು ಇಂದಿಗೂ ಕಾಣುತ್ತೇನೆ. ಉರ್ದು ಮಾತನಾಡುವ ನನ್ನ ಗೆಳೆಯನಿಗೂ ಇದೇ ತೊಡಕು, ಏಕೆಂದರೆ ಅವರ ‘ಸೇ’ ಕೂಡ ಚಾಕುವಿಗೂ ಊರಿಗೂ ಭಯಕ್ಕೂ ಎರಡು ದಿನಕ್ಕೂ ಒಂದೇ. ತೆಲುಗಿನವರು ಮಾತ್ರ ಚಾಕುವಿನ ವಾಕ್ಯವನ್ನು ಸರಿಯಾಗಿ ಬರೆದಿದ್ದರು. ಅವರಲ್ಲಿ ಚಾಕುವಿಗೆ ‘ತೋ’, ಊರಿಗೆ ‘ನುಂಚಿ’ ಎಂದು ಪ್ರತ್ಯಯಗಳೇ ಬೇರೆ ಬೇರೆ.

ಹಾಗಾದರೆ ಕನ್ನಡವೇಕೆ ಹೀಗೆ ಎಂದು ಒಬ್ಬಳು ಕೇಳಿದಳು. ಗುರುಗಳ ಉತ್ತರ ನನಗೆ ಇಂದಿಗೂ ಅಚ್ಚಳಿಯದೆ ಉಳಿದಿದೆ. ಶಾಲೆಯ ವ್ಯಾಕರಣದಲ್ಲಿ ತೃತೀಯಾ ವಿಭಕ್ತಿಗೆ ‘ಇಂದ’, ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದ್ದೇವೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾರೂ ಮಾತನಾಡುವುದಿಲ್ಲ. ತೃತೀಯೆಯ ‘ಇಂದ’ವೇ ಪಂಚಮಿಯ ಕೆಲಸವನ್ನೂ ಹೊತ್ತುಕೊಂಡಿದೆ. ಇಷ್ಟು ಹೇಳಿ ಅವರು, “ನಿಮ್ಮ ಅವ್ವ ಹ್ಯಾಂಗ ಮಾತಾಡ್ತಾಳ, ನೆನಪು ಮಾಡ್ಕೋರಿ” ಎಂದರು. ನಮ್ಮ ಮನೆಮಾತಿನಲ್ಲಿ ‘ಕೈಲೆ ಉಂಡ’, ‘ಬಡಿಗಿಲೆ ಹೊಡೆದ’ ಎನ್ನುತ್ತೇವೆ. ‘ಊರಿಂದ ಬಂದ’ ಎನ್ನುತ್ತೇವೆ. ‘ಊರಿಲೆ ಬಂದ’ ಎಂದು ಮರೆತೂ ಅನ್ನುವುದಿಲ್ಲ. ಸಾಧನಕ್ಕೆ ‘ಲೆ’, ಹೊರಟ ಜಾಗಕ್ಕೆ ‘ಇಂದ’. ಅಂದರೆ ‘ವಿತ್’ ಮತ್ತು ‘ಫ್ರಮ್’ ಇವುಗಳ ಅಂತರ ನಮ್ಮ ಅವ್ವಂದಿರ ಬಾಯಲ್ಲಿ ಮೊದಲಿನಿಂದಲೂ ಇತ್ತು; ಪುಸ್ತಕದ ಕನ್ನಡಕ್ಕೆ ತಿರುಗಿಸಿಕೊಂಡು, ಅಲ್ಲಿಂದ ಇಂಗ್ಲಿಷಿಗೆ ಹಾಯುವಾಗ ನಾವು ಅದನ್ನು ಕಳೆದುಕೊಳ್ಳುತ್ತಿದ್ದೆವು. ಹಳ್ಳಿಯ ಮಾತೆಂದು ಕಾಲೇಜಿನಲ್ಲಿ ಬಾಯಿ ಬಿಡಲು ಅಂಜುತ್ತಿದ್ದ ನನಗೆ, ಆ ಮಾತೇ ಇಂಗ್ಲಿಷ್ ವ್ಯಾಕರಣಕ್ಕೆ ಕೀಲಿಕೈ ಆಗಬಲ್ಲದೆಂದು ಅಂದು ತಿಳಿಯಿತು. ಕಾಲೇಜು ನನಗೆ ಕೊಟ್ಟದ್ದರಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ.

ಇಂಗ್ಲಿಷಿಗೂ ಒಂದು ಕಾಲದಲ್ಲಿ ನಮ್ಮಂತೆಯೇ ವಿಭಕ್ತಿಗಳಿದ್ದವು ಎಂಬುದನ್ನೂ ಅವರೇ ಹೇಳಿದರು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದದ ಕೊನೆ ಬದಲಾಗಿ ವಿಭಕ್ತಿಯನ್ನು ಸೂಚಿಸುತ್ತಿತ್ತು. ಮುಂದಿನ ಶತಮಾನಗಳಲ್ಲಿ ಆ ಕೊನೆಗಳು ಸವೆದುಹೋದಂತೆ, ಅವುಗಳ ಕೆಲಸದ ಬಹುಪಾಲು ಪ್ರಿಪೊಸಿಷನ್ನುಗಳ ಮೇಲೂ ಪದಗಳ ಕ್ರಮದ ಮೇಲೂ ಬಿದ್ದಿತು. ಆ ಚಿಕ್ಕ ಪದಗಳ ಮೇಲೆ ಅಷ್ಟು ಭಾರವಿರುವುದು ಅದಕ್ಕೇ.

ಕಲಿಸುವ ವಿಧಾನದಲ್ಲಿ ಅವರದು ಒಂದೇ ಕಟ್ಟುನಿಟ್ಟು: ‘ಇನ್’, ‘ಆನ್’, ‘ಅಟ್’ಗಳನ್ನು ಒಂಟಿಯಾಗಿ ಕಲಿಯಕೂಡದು, ಇಡೀ ಪದಗುಚ್ಛವನ್ನೇ ಕಲಿಯಬೇಕು. ಇನ್ನೂರು ಪುಟದ ನೋಟುಬುಕ್ಕಿನ ಪ್ರತಿ ಹಾಳೆಯನ್ನು ಉದ್ದಕ್ಕೆ ಮಡಚಿ, ಎಡಗಡೆ ಕನ್ನಡದ ಮಾತನ್ನೂ ಬಲಗಡೆ ಇಂಗ್ಲಿಷಿನ ಗುಚ್ಛವನ್ನೂ ಬರೆಯಿಸುತ್ತಿದ್ದರು. ಓದುವಾಗ ಬಲಭಾಗವನ್ನು ಹಿಂದಕ್ಕೆ ಮಡಚಿ, ಎಡಗಡೆಯದನ್ನು ಮಾತ್ರ ನೋಡಿ ಹೇಳಬೇಕು. ನನ್ನ ನೋಟುಬುಕ್ಕಿನ ಆ ಮಡಿಕೆಗಳು ಈಗ ಹರಿದು, ಹಲವು ಹಾಳೆಗಳು ಎರಡೆರಡು ಪಟ್ಟಿಗಳಾಗಿವೆ. ಒಂದು ಪುಟದಲ್ಲಿ ‘ಆನ್ ಟೈಮ್’ ಮತ್ತು ‘ಇನ್ ಟೈಮ್’ ಇವೆ. ಗುರುಗಳು ಇದಕ್ಕೆ ನಮ್ಮ ರೈಲು ನಿಲ್ದಾಣವನ್ನೇ ಉದಾಹರಣೆಯಾಗಿ ತೆಗೆದುಕೊಂಡಿದ್ದರು: ಗಾಡಿ ವೇಳಾಪಟ್ಟಿಯ ಗಳಿಗೆಗೆ ಸರಿಯಾಗಿ ಬಂದರೆ ‘ಆನ್ ಟೈಮ್’, ಗಾಡಿ ಬಿಡುವುದರೊಳಗೆ ನಾವು ಹೋಗಿ ಹತ್ತಿದರೆ ‘ಇನ್ ಟೈಮ್’. ಇನ್ನೊಂದು ಪುಟದಲ್ಲಿ ‘ಬೈ ಹ್ಯಾಂಡ್’, ‘ವಿತ್ ಎ ಪೆನ್’, ‘ಇನ್ ಇಂಕ್’ ಎಂದು ಮೂರನ್ನು ಒಟ್ಟಿಗೆ ಬರೆದಿದ್ದೇನೆ. ಕೈಯಿಂದ, ಪೆನ್ನಿನಿಂದ, ಶಾಯಿಯಿಂದ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಅಲ್ಲಿ ಮೂರು ಬೇರೆ ಪದಗಳು ಬೇಕು. ಬಸ್ಸಿಗೆ ‘ಆನ್’, ಕಾರಿಗೆ ‘ಇನ್’ ಏಕೆ ಎಂದರೆ, ಒಳಗೆ ಎದ್ದು ನಿಂತು ಓಡಾಡಬಹುದಾದ ವಾಹನಕ್ಕೆ ‘ಆನ್’ ಎಂದು ನೆನಪಿಡಿ ಎನ್ನುತ್ತಿದ್ದರು. ಕಾರಣ ಹೇಳಲಾಗದ ಕಡೆ ಕಾರಣವನ್ನು ಹುಟ್ಟಿಸುತ್ತಿರಲಿಲ್ಲ. ತಪ್ಪಿ ಮಾಡಿದರೆ ‘ಬೈ ಮಿಸ್ಟೇಕ್’, ಬೇಕೆಂದು ಮಾಡಿದರೆ ‘ಆನ್ ಪರ್ಪಸ್’. ಒಂದಕ್ಕೆ ‘ಬೈ’ ಮತ್ತೊಂದಕ್ಕೆ ‘ಆನ್’ ಏಕೆಂದು ಕೇಳಿದ್ದಕ್ಕೆ, “ರೂಢಿ, ಹಂಗ ಕಲೀರಿ” ಎಂದು ಮುಂದೆ ಹೋದರು. ಅವರ ಈ ನೇರವಂತಿಕೆಯನ್ನು ನಾನು ತುಂಬ ಗೌರವಿಸುತ್ತೇನೆ.

ಪದದ ಮುಂದೆ ತುಣುಕು ನಿಲ್ಲುವುದು ನಮಗೆ ಪೂರ್ತಿ ಹೊಸದಲ್ಲ ಎಂದು ತೋರಿಸಿದ ದಿನವೂ ನೆನಪಿದೆ. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯ ಕನ್ನಡದಲ್ಲಿ ಬೇಫಿಕರ್, ಬೇಶಕ್, ಬೇಜವಾಬ್ದಾರಿ, ಬೇವಾರಸು ಎಂಬ ಮಾತುಗಳು ಧಾರಾಳವಾಗಿವೆ. ಆ ‘ಬೇ’ ಪಾರಸಿಯದು. ‘ಇಲ್ಲದೆ’ ಎಂಬ ಅರ್ಥದ್ದು. ನಿಲ್ಲುವುದು ನಾಮಪದದ ಮುಂದೆ. ಬೇಶಕ್ ಎಂದರೆ ‘ವಿದೌಟ್ ಡೌಟ್’, ಜಾಗವೂ ಅದೇ, ಅರ್ಥವೂ ಅದೇ. ಸಂಸ್ಕೃತದಿಂದ ಬಂದ ‘ಪ್ರತಿದಿನ’, ‘ಯಥಾಶಕ್ತಿ’ಗಳೂ ಹಾಗೆಯೇ. ಇತ್ತ ಇಂಗ್ಲಿಷಿನ ಒಂದು ಗುಚ್ಛವನ್ನು ನಾವು ನಮ್ಮ ರೀತಿಗೆ ಬಗ್ಗಿಸಿಕೊಂಡೂ ಇದ್ದೇವೆ: ‘ಬೈಹಾರ್ಟ್ ಮಾಡು’ ಎಂಬುದು ಕನ್ನಡದಲ್ಲಿ ಒಳ್ಳೆಯ ಕ್ರಿಯಾಪದವೇ ಆಗಿದೆ. ಆದರೆ ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ದು ‘ಐ ಬೈಹಾರ್ಟೆಡ್ ದ ಪೊಯಮ್’ ಎಂದು ಬರೆದವರಿಗೆ ಗುರುಗಳು ಕೆಂಪು ಗೆರೆ ಹಾಕಿ, ಪಕ್ಕದಲ್ಲಿ ‘ಲರ್ನ್ಟ್ ಬೈ ಹಾರ್ಟ್’ ಎಂದು ಬರೆಯುತ್ತಿದ್ದರು.

ನಾನೀಗ ನ್ಯಾಯಾಲಯದ ದಾಖಲೆಗಳನ್ನು ಭಾಷಾಂತರಿಸುವ ಕೆಲಸದಲ್ಲಿದ್ದೇನೆ. ನಮ್ಮ ಜಿಲ್ಲೆಯ ಮೇಲ್ಮನವಿಗಳು ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುತ್ತವೆ. ಕನ್ನಡದಲ್ಲಿ ಬರೆದುಕೊಂಡ ಸಾಕ್ಷಿಗಳ ಹೇಳಿಕೆಗಳು ಇಂಗ್ಲಿಷಿಗೆ ಬರಬೇಕಾದಾಗ ಅವು ನನ್ನ ಮೇಜಿಗೆ ಬರುತ್ತವೆ. ಸೇರಿದ ಮೊದಲ ವರ್ಷದಲ್ಲಿ ಹೊಲದ ತಕರಾರಿನ ಒಂದು ಹೇಳಿಕೆಯಲ್ಲಿ, ‘ನಾವು ಹೋಗುವಾಗ ಅವರು ದಾರಿಯಲ್ಲಿ ನಿಂತಿದ್ದರು’ ಎಂಬ ಮಾತಿತ್ತು. ನಾನು ‘ದೇ ವರ್ ಸ್ಟ್ಯಾಂಡಿಂಗ್ ಇನ್ ದ ವೇ’ ಎಂದು ಬರೆದೆ. ಕರಡನ್ನು ಓದಿದ ಹಿರಿಯರು ಪೆನ್ಸಿಲನ್ನು ಆ ‘ಇನ್’ ಮೇಲಿಟ್ಟು, “ಅಡ್ಡ ನಿಂತಿದ್ದರು ಅಂತ ಸಾಕ್ಷಿ ಹೇಳ್ಯಾನೇನ್ರೀ?” ಎಂದು ಕೇಳಿದರು. ಸಾಕ್ಷಿ ಹಾಗೆ ಹೇಳಿರಲಿಲ್ಲ. ‘ಇನ್ ದ ವೇ’ ಎಂದರೆ ದಾರಿಗೆ ಅಡ್ಡವಾಗಿ, ತಡೆಯಾಗಿ. ‘ಆನ್ ದ ವೇ’ ಎಂದರೆ ಹೋಗುವ ದಾರಿಯ ನಡುವೆ ಎಲ್ಲಿಯೋ. ದಾರಿ ತಡೆದರೆಂಬುದೇ ದೂರಿನ ತಿರುಳಾಗಿದ್ದ ಆ ಪ್ರಕರಣದಲ್ಲಿ, ಸಾಕ್ಷಿ ಆಡದ ಆರೋಪವನ್ನು ನನ್ನ ಎರಡಕ್ಷರದ ಪದವು ಅವನ ಬಾಯಿಗೆ ತುರುಕಿತ್ತು. ಆ ರಾತ್ರಿ ಮನೆಗೆ ಹೋಗಿ ಹಳೆಯ ನೋಟುಬುಕ್ಕನ್ನು ಟ್ರಂಕಿನಿಂದ ಹೊರತೆಗೆದೆ. ಅಂದಿನಿಂದ ಅದು ಕಚೇರಿಯ ನನ್ನ ಮೇಜಿನ ಖಾನೆಯಲ್ಲಿದೆ.

ಕಳೆದ ಬೇಸಿಗೆಯಲ್ಲಿ ಮತ್ತೊಂದು ಹೇಳಿಕೆ ಬಂತು: ‘ನಾನು ಕಿಟಕಿಯಿಂದ ನೋಡಿದೆ.’ ಕಿಟಕಿಯ ಹತ್ತಿರ ನಿಂತು ನೋಡಿದರೆ ‘ಫ್ರಮ್ ದ ವಿಂಡೋ’. ಕೋಣೆಯ ಯಾವ ಮೂಲೆಯಲ್ಲಿದ್ದರೂ ಕಿಟಕಿಯ ಮೂಲಕ ಕಂಡಿದ್ದರೆ ‘ಥ್ರೂ ದ ವಿಂಡೋ’. ಸಾಕ್ಷಿಗೆ ಎಷ್ಟು ಕಂಡಿರಬಹುದೆಂಬುದು ಅವನು ಎಲ್ಲಿದ್ದನೆಂಬುದರ ಮೇಲೆ ನಿಂತಿರುತ್ತದೆ. ಹೇಳಿಕೆಯನ್ನು ಮೊದಲಿನಿಂದ ಓದಿದೆ. ಎರಡು ಪುಟ ಹಿಂದೆ ಅವನು, ಹೊರಗೆ ಗದ್ದಲವಾದಾಗ ಹೊರಸಿನ ಮೇಲೆ ಮಲಗಿದ್ದೆ, ಏಳಲಿಲ್ಲ ಎಂದಿದ್ದ. ‘ಥ್ರೂ’ ಎಂದು ಬರೆದು ಕರಡನ್ನು ಕಳಿಸಿದ ಮೇಲೆ, ಖಾನೆಯಿಂದ ನೋಟುಬುಕ್ಕನ್ನು ತೆಗೆದು, ಗುರುಗಳು ಅಂದು ಬರೆಯಿಸಿದ್ದ ಏಳು ಸಾಲುಗಳ ಕೆಳಗೆ, ಎಡಗಡೆ ‘ಕಿಟಕಿಯಿಂದ’ ಎಂದೂ ಬಲಗಡೆ ‘ಥ್ರೂ ದ ವಿಂಡೋ’ ಎಂದೂ ಬರೆದುಕೊಂಡೆ.