ಬ್ಲೋವರ್ ಕೂರಿಸಿದ ದೋಣಿ ಎಂಜಿನ್: ಪವರ್ ವಾಲ್ವ್ ಕೊಳವೆ ಬದಲಿಸಿದ ಮೇಲಿನ ಸ್ಥಿತಿ

ಅರಿಜೋನಾದ ಹವಾಸು ಸರೋವರದಲ್ಲಿ ಓಡುವ ನಮ್ಮ ಹಳೆಯ ಜೆಟ್ ದೋಣಿಯ (ನೀರನ್ನು ಹಿಂದಕ್ಕೆ ಚಿಮ್ಮಿಸಿ ಸಾಗುವ ದೋಣಿ) ಎಂಜಿನ್ ಕೊನೆಗೂ ಮಧ್ಯಮ ವೇಗದಲ್ಲಿ ನೆಚ್ಚಿಕೊಳ್ಳುವ ಹಾಗೆ ನಡೆಯುತ್ತಿದೆ. ಎಂಜಿನ್ 454 ಘನ ಇಂಚಿನ ಷೆವ್ರೊಲೆ. ಅದರ ಮೇಲೆ ಡೀಸೆಲ್ ಎಂಜಿನ್‌ಗಳಿಂದ ಬಂದ 6-71 ರೂಟ್ಸ್ ಬ್ಲೋವರ್, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಪಂಪು. ಬ್ಲೋವರ್‌ನ ಮೇಲೆ ಒಂದರ ಹಿಂದೆ ಒಂದರಂತೆ ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಹಾಲಿ 750 ಕಾರ್ಬ್ಯುರೇಟರ್‌ಗಳು.

ಪೂರ್ತಿ ಥ್ರಾಟಲ್‌ನಲ್ಲಿ ತೊಂದರೆಯೇ ಇರಲಿಲ್ಲ. ಆದರೆ 3,500 ಆರ್‌ಪಿಎಂ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಪಿಂಗಾಣಿ ಸುಣ್ಣದಂತೆ ಬೆಳ್ಳಗಿರುತ್ತಿತ್ತು, ಅಂದರೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಕಾರ್ಬ್ಯುರೇಟರ್‌ನೊಳಗಿನ ಪವರ್ ವಾಲ್ವ್ ತನ್ನ ಕೆಳಗಿನ ನಿರ್ವಾತ ಕುಸಿದಾಗ ತೆರೆದುಕೊಂಡು ಹೆಚ್ಚಿನ ಪೆಟ್ರೋಲ್ ಬಿಡಬೇಕು, ನಮ್ಮದು ನಿರ್ವಾತ 6.5 ಇಂಚು ಪಾದರಸಕ್ಕೆ ಇಳಿದಾಗ ತೆರೆಯುವಂಥದ್ದು. ಆದರೆ ಕಾರ್ಬ್ಯುರೇಟರ್ ಬ್ಲೋವರ್‌ನ ಮೇಲಿರುವುದರಿಂದ, ಥ್ರಾಟಲ್ ಅರೆ ತೆರೆದಿರುವಾಗ ಬ್ಲೋವರ್ ಗಾಳಿಯನ್ನು ಸೆಳೆಯುತ್ತ ಕಾರ್ಬ್ಯುರೇಟರ್‌ನ ತಳದಲ್ಲಿ ನಿರ್ವಾತವನ್ನು ಉಳಿಸಿಕೊಂಡೇ ಇರುತ್ತದೆ, ಅದೇ ಹೊತ್ತಿಗೆ ಕೆಳಗಿನ ಮ್ಯಾನಿಫೋಲ್ಡ್‌ನಲ್ಲಿ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗಳಲ್ಲಿ) ಒತ್ತಡ ಏರತೊಡಗಿರುತ್ತದೆ. ಎಂಜಿನ್ ಭಾರ ಎಳೆಯುತ್ತಿದ್ದರೂ ವಾಲ್ವ್‌ಗೆ ಆ ಸುದ್ದಿಯೇ ಮುಟ್ಟುವುದಿಲ್ಲ.

ಕಾರಿನಲ್ಲಾದರೆ ಇಂಥ ಭಾರ ಏರುದಾರಿಯಲ್ಲಿ ಬಂದು ಹೋಗುತ್ತದೆ; ನೀರು ಮಾತ್ರ ಎಂಜಿನ್‌ಗೆ ಬಿಡುವು ಕೊಡುವುದಿಲ್ಲ. ಆದ್ದರಿಂದ ದೊಡ್ಡ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ರಂಧ್ರದ ಬಿಡಿಭಾಗ) ಹಾಕಿ ಇದನ್ನು ಮುಚ್ಚಿಹಾಕುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗೆ ಮಾಡಿದರೆ ನಿಧಾನ ವೇಗದಲ್ಲಿ ಪ್ಲಗ್‌ಗಳು ಮಸಿ ಹಿಡಿಯುತ್ತವೆ. ಬದಲಿಗೆ, ವಾಲ್ವ್‌ನ ಕೋಣೆಗೆ ಬರುವ ಮೂಲ ರಂಧ್ರವನ್ನು ಮುಚ್ಚಿ, ಬ್ಲೋವರ್‌ನ ಕೆಳಗಿನ ಮ್ಯಾನಿಫೋಲ್ಡ್‌ನಿಂದ ಸಣ್ಣ ಕೊಳವೆಯೊಂದನ್ನು ಆ ಕೋಣೆಗೆ ಜೋಡಿಸಿದೆ. 3,500ರಲ್ಲಿ 14.6 ಇದ್ದ ಗಾಳಿ-ಪೆಟ್ರೋಲ್ ಅನುಪಾತ (ಅಂಕಿ ಇಳಿದಷ್ಟೂ ಪೆಟ್ರೋಲ್ ಹೆಚ್ಚು) ಈಗ 12.4ಕ್ಕೆ ಇಳಿದಿದೆ, ಪೂರ್ತಿ ಥ್ರಾಟಲ್‌ನಲ್ಲಿ 11.6.

ಅಳತೆಯ ವಿಷಯದಲ್ಲಿ ಎರಡು ಮಾತು. ದೋಣಿಯ ಹೊಗೆಕೊಳವೆಗೆ ತಂಪು ಮಾಡಲು ನೀರು ಸೇರುವುದರಿಂದ, ಈ ಅನುಪಾತ ತಿಳಿಸುವ ಆಕ್ಸಿಜನ್ ಸೆನ್ಸರನ್ನು ನೀರು ಸೇರುವ ಜಾಗಕ್ಕಿಂತ ಮೊದಲೇ ಕೂರಿಸಬೇಕು; ನೀರು ತಗುಲಿದರೆ ಅದು ಹಾಳಾಗುತ್ತದೆ. ಇನ್ನು ಬೆಂಕಿ ತಡೆಯುವ ಫ್ಲೇಮ್ ಅರೆಸ್ಟರ್‌ಗಳನ್ನು ತೆಗೆದಿಟ್ಟು ಟ್ಯೂನ್ ಮಾಡುವವರನ್ನು ಕಂಡಿದ್ದೇನೆ. ಅಮೆರಿಕದಲ್ಲಿ ಒಳಗೆ ಕೂರಿಸಿದ ಪೆಟ್ರೋಲ್ ಎಂಜಿನ್‌ಗೆ ಅದು ಕಡ್ಡಾಯ. ಗಾಳಿಯ ಹರಿವನ್ನೂ ಅದು ಅಷ್ಟಿಷ್ಟು ತಡೆಯುವುದರಿಂದ, ಅದಿಲ್ಲದೆ ಪಡೆದ ಅಂಕಿಗಳನ್ನು ನಾನು ನಂಬುವುದಿಲ್ಲ.

ಉಳಿದಿರುವುದು ಒಂದೇ ಕಾಟ. ನಿಂತಲ್ಲಿಂದ ಜೋರಾಗಿ ಥ್ರಾಟಲ್ ಕೊಟ್ಟಾಗ ದೋಣಿಯ ಮೂತಿ ಮೇಲೇಳುತ್ತದೆ, ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ. ಕಾರ್ಬ್ಯುರೇಟರ್‌ನ ಮುಂದಿನ ಬೌಲ್‌ನಲ್ಲಿ (ಪೆಟ್ರೋಲ್ ನಿಲ್ಲುವ ಬಟ್ಟಲಿನಲ್ಲಿ) ಜೆಟ್‌ಗಳು ಹಿಂಬದಿಯಲ್ಲಿರುವುದರಿಂದ ಅವು ಮುಳುಗಿಯೇ ಇರುತ್ತವೆ. ಹಿಂದಿನ ಬೌಲ್‌ನಲ್ಲಿ ಅವು ಮುಂಬದಿಯಲ್ಲಿದ್ದು ಬರಿದಾಗುತ್ತವೆ, ಎಂಜಿನ್ ಕ್ಷಣಕಾಲ ಮುಗ್ಗರಿಸುತ್ತದೆ. ಇದಕ್ಕೆ ಜೆಟ್‌ಗಳಿಗೆ ಸಿಕ್ಕಿಸುವ ಉದ್ದನೆಯ ನಳಿಕೆಗಳನ್ನು ತರಿಸಿದ್ದೇನೆ. ಅವು ತಾಗದಂತೆ ಕಚ್ಚು ಕೊರೆದ ಫ್ಲೋಟ್‌ಗಳು (ಬೌಲ್‌ನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಭಾಗ) ಇನ್ನೂ ಬರಬೇಕಿದೆ. ಅವು ಕೈಸೇರಿದ ಮೇಲೆ ಎರಡನ್ನೂ ಒಟ್ಟಿಗೆ ಕೂರಿಸಿ, ಹಿಂದಿನ ಬೌಲ್‌ನ ಜೆಟ್‌ಗಳ, ಅಂದರೆ ಸೆಕೆಂಡರಿ ಜೆಟ್‌ಗಳ ಗಾತ್ರವನ್ನು ಮತ್ತೆ ನೋಡುತ್ತೇನೆ.