ಗೋಪಾಲಸ್ವಾಮಿ ಬೆಟ್ಟ ಯಾವ ತಿಂಗಳಲ್ಲಿ ಚೆಂದ?

ಮೈಸೂರಿನ ನಮ್ಮ ಮನೆಯಲ್ಲಿ ಈ ಜಗಳ ಹಳೆಯದು. ಅಮ್ಮನ ಪ್ರಕಾರ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಂಜಿದ್ದಾಗಲೇ ಹೋಗಬೇಕು. ಭಾವನಿಗೆ ಮಳೆ ಬಿದ್ದ ಮೇಲೆ. ನಾನು ಬೇಸಿಗೆ ಕಡೆಯವನು. ಯಾರೂ ಸೋಲಲಿಲ್ಲ, ಹಾಗಾಗಿ ಒಂದೇ ವರ್ಷದಲ್ಲಿ ಮೂರು ಸಲ ಹೋಗಿ ಬಂದೆವು.

ಮೊದಲ ಸಲ ಜುಲೈ. ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು, ಊಟಿ ರಸ್ತೆ ಹಿಡಿದು, ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಆಯ್ತು. ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಆ ತಿಂಗಳಲ್ಲಿ ರಸ್ತೆ ಪಕ್ಕ ಸೂರ್ಯಕಾಂತಿ, ಚೆಂಡು ಹೂವಿನ ಹೊಲಗಳು. ಚೆಂಡು ಹೂವು ಬಣ್ಣ ತೆಗೆಯೋ ಕಾರ್ಖಾನೆಗೆ ಹೋಗುತ್ತದೆ. ಹೊಲದೊಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದರೆ ರೈತರು ದುಡ್ಡು ಕೇಳುತ್ತಾರೆ. ಕೇಳಲಿ ಬಿಡಿ, ತುಳಿಯೋದು ನಾವೇ ಅಲ್ವಾ.

ಭಾವ ಈ ಪ್ರವಾಸಕ್ಕೆಂದೇ ಹೊಸ ಟ್ರೆಕ್ಕಿಂಗ್ ಶೂ ಕೊಂಡಿದ್ದರು. ಬೆಟ್ಟ ಇರುವುದು ಬಂಡೀಪುರ ರಾಷ್ಟ್ರೀಯ ಉದ್ಯಾನದೊಳಗೆ, 1973ರಿಂದ ಹುಲಿ ಯೋಜನೆಗೆ ಸೇರಿದ ಕಾಡು. ಕಾರು ಬುಡದಲ್ಲೇ ಬಿಡಬೇಕು, ಮೇಲಕ್ಕೆ ಸರ್ಕಾರಿ ಬಸ್ಸು. ಹುಲ್ಲಿನ ಇಳಿಜಾರಿನಲ್ಲಿ ಸುಮ್ನೆ ಓಡಾಡುವ ಹಾಗಿಲ್ಲ. ಬಸ್ಸಿಳಿದು ದೇವಸ್ಥಾನದ ಮೆಟ್ಟಿಲವರೆಗೆ ನಡೆದದ್ದೇ ಆ ಶೂ ಮಾಡಿದ ಟ್ರೆಕ್ಕು. ಅಲ್ಲಿ ಬಿಚ್ಚಿ ಚಪ್ಪಲಿಗಳ ಜೊತೆ ಇಟ್ಟರು.

ಡಿಸೆಂಬರ್ ಅಮ್ಮನದು. ಭಾನುವಾರ ಹೋಗಿದ್ದು ನಮ್ಮ ತಪ್ಪು. ಬಸ್ಸಿಗೆ ಸಾಲು ನಿಂತೇ ಒಂದೂವರೆ ಗಂಟೆ ಹೋಯ್ತು. 1454 ಮೀಟರ್ ಎತ್ತರದ ನೆತ್ತಿಯಲ್ಲಿ ಎದುರಿಗಿದ್ದವರೂ ಕಾಣುತ್ತಿರಲಿಲ್ಲ. ಅಮ್ಮ ಸೆರಗಿನಲ್ಲಿ ಕನ್ನಡಕ ಒರೆಸುವುದು, ಹಾಕುವುದು, ಮತ್ತೆ ಒರೆಸುವುದು. ದೇವಸ್ಥಾನ ಹೊಯ್ಸಳ ದೊರೆ ಮೂರನೇ ಬಲ್ಲಾಳನ ಕಾಲದ್ದು ಅಂತಾರೆ. ಗರ್ಭಗುಡಿಯ ಬಾಗಿಲ ಮೇಲೆ ಯಾವಾಗಲೂ ನೀರು ಜಿನುಗುತ್ತದೆ, ಅರ್ಚಕರು ಅದನ್ನೇ ತೀರ್ಥದ ಹಾಗೆ ತಲೆಗೆ ಪ್ರೋಕ್ಷಿಸುತ್ತಾರೆ. ತಣ್ಣನೆ ಹನಿ ಕತ್ತಿನ ಹಿಂದೆ ಇಳಿದಾಗ ಅಮ್ಮ ಕಣ್ಣು ಮುಚ್ಚಿಕೊಂಡು ನಿಂತೇಬಿಟ್ಟರು. ಹಿಂದಿದ್ದವರು "ಸ್ವಲ್ಪ ಜರುಗಿ ಅಮ್ಮಾ" ಅನ್ನುವವರೆಗೂ.

ಮಾರ್ಚಿಗೆ ಹೊರಟಾಗ ಇಬ್ಬರೂ ಗೊಣಗಿದರು. "ಒಣಗಿದ ಹುಲ್ಲು ನೋಡೋಕೆ ಅಷ್ಟು ದೂರ ಹೋಗ್ಬೇಕಾ?" ನಿಜ, ಹುಲ್ಲು ಒಣಗಿ ಗೋಧಿ ಬಣ್ಣಕ್ಕೆ ತಿರುಗಿತ್ತು. ಆದರೆ ಬೆಟ್ಟದ ಮೈ ಪೂರ್ತಿ ಕಾಣುವುದು ಆಗಲೇ. ನೆತ್ತಿಯೆಲ್ಲ ಹುಲ್ಲು, ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಕಪ್ಪು ಹಸಿರಿನ ಶೋಲಾ ಕಾಡು. ಆಚೆ ನೀಲಗಿರಿ. ಜನವೂ ಕಡಿಮೆ.

ಇಳಿಜಾರಿನಲ್ಲಿ ಕಪ್ಪಗೆ ಸುಟ್ಟ ಪಟ್ಟಿಗಳಿದ್ದವು. ಕಾಡಿಗೆ ಬೆಂಕಿ ಬಿದ್ದಿದೆ ಅಂತ ಅಮ್ಮ ಗಾಬರಿಯಾದರು. ಅಲ್ಲಿದ್ದ ಅರಣ್ಯ ಇಲಾಖೆಯ ವಾಚರ್ ನಕ್ಕರು. "ಅದು ಬೆಂಕಿ ರೇಖೆ ಅಮ್ಮಾ, ನಾವೇ ಸುಟ್ಟಿದ್ದು. ಬೇಸಿಗೆಗೆ ಮುಂಚೆ ಪಟ್ಟಿ ಸುಟ್ಟಿಟ್ಟರೆ ಬೆಂಕಿ ಬಂದು ಅಲ್ಲಿಗೆ ನಿಲ್ಲುತ್ತೆ, ತಿನ್ನೋಕೆ ಏನೂ ಇರಲ್ಲ." 2019ರ ಫೆಬ್ರವರಿಯಲ್ಲಿ ಇದೇ ಕಾಡಿನ ಸಾವಿರಾರು ಎಕರೆ ಉರಿದುಹೋಗಿತ್ತು. ಆಗಿನ ಹೊಗೆಯ ಫೋಟೋಗಳು ನಮಗೆಲ್ಲ ನೆನಪಿವೆ. ಒಣಗಿದ ಲಂಟಾನ ಪೊದೆಗೆ ಕಿಡಿ ತಗುಲಿದರೆ ಕೇಳಬೇಕೇ.

ಸುಟ್ಟ ಪಟ್ಟಿಯೊಂದರಲ್ಲಿ ಆಗಲೇ ಎಳೆ ಹುಲ್ಲು ಚಿಗುರಿತ್ತು. ಅದರ ಪಕ್ಕದಲ್ಲಿ ಏನೋ ಅಲುಗಿದ ಹಾಗಾಯ್ತು. ಬಂಡೆ ಅಂದುಕೊಂಡಿದ್ದು ಆನೆ, ಕಾಲ ಸಂದಿಯಲ್ಲಿ ಮರಿ. ತಾಯಿ ಎಳೆ ಹುಲ್ಲು ಕಿತ್ತು, ಮುಂಗಾಲಿಗೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತಿತ್ತು. ಮರಿಯೂ ಹಾಗೇ ಬಡಿಯಿತು. ಬಡಿದ ಹುಲ್ಲು ಸೊಂಡಿಲಿನಿಂದ ಜಾರಿ ಬಿತ್ತು. ಮತ್ತೆ ಎತ್ತಿಕೊಂಡಿತು, ಮತ್ತೆ ಜಾರಿತು. ಭಾವ ಫೋನು ತೆಗೆದವರು ಹಾಗೇ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಕೆಳಗಿಳಿಯುವ ಒಂದು ಬಸ್ಸು ಬಿಟ್ಟೆವು, ಇನ್ನೊಂದನ್ನೂ ಬಿಟ್ಟೆವು.

ವಾಪಸ್ ಬರುವಾಗ ನಂಜನಗೂಡು ದಾಟುವವರೆಗೂ ಅಮ್ಮ ಮಾತಾಡಲಿಲ್ಲ. ಆಮೇಲೆ, "ಬರೋ ಮಾರ್ಚಿಗೆ ಎರಡು ಬಾಟ್ಲಿ ನೀರು ಜಾಸ್ತಿ ಇಟ್ಕೋ, ಇವತ್ತು ಸಾಕಾಗಲಿಲ್ಲ" ಅಂದರು.